ಎತ್ತು ಹೊಡಿಯೋ ಪುಟ

ಪರ್ರ್...!

ಉಮಾಳ ಕಣ್ಣೆದುರೇ ಅವಳ ಚಿತ್ರ ಎರಡು ತುಂಡಾಯಿತು. ಹರಿದವನು ಮರಿಲಿಂಗ, ಕಕ್ಕೇರಾದ ಶಾಲಾ ಮಾಸ್ತರ. ಹಳ್ಳಿಯ ಮತ್ತು ಪೇಟೆಯ ಪ್ರಾಣಿಗಳ ಮೇಲೆ ಮಕ್ಕಳಿಗೊಂದು ಪುಸ್ತಕ ಬರೆದು, ಚಿತ್ರಕ್ಕಾಗಿ ಯಾದಗಿರಿಯಲ್ಲಿ ಅವಳಪ್ಪನ ಈ ಬೋರ್ಡ್ ಬರೆಯುವ ಅಂಗಡಿಗೆ ಅಂಚೆಯಲ್ಲಿ ಕಳಿಸಿದ್ದ. ಇಬ್ಬರೂ ಮುಖ ನೋಡಿದ್ದು ಇವತ್ತೇ. ಎಂಥ ಶುಭ ಮುಹೂರ್ತ!

“ನಮ್ಮಪ್ಪನ್ನ ರಾಕ್ಷಸನ್ನ ಮಾಡೀರಲ್ರಿ! ಎತ್ತಿನ ಬೆನ್ನಾಗ ರಕ್ತ ಹರಿಯಾಕತ್ತದ!”

“ನೀವ ಬರದೀರಿ, ‘ಅಂಬ್ರಪ್ಪ ಎತ್ತು ಹೊಡೀತಾನ’ ಅಂತ!”

“ಹೊಡಿಯೋದಂದ್ರ ನಡಸೋದ್ರಿ! ಗಾಡಿ ಹೊಡಿಯಂಗಿಲ್ಲೇನು?”

ಉಮಾ ಬೆಚ್ಚಿದಳು. ಆ ಅರ್ಥ ಅವಳಿಗೆ ಹೊಳೆದೇ ಇರಲಿಲ್ಲ!

“ನಮ್ಮ ಮನ್ಯಾಗ ಹೊಡಿಯೋದಂದ್ರ... ಬಡಿಯೋದೊಂದ ರೀ.”

ಅವನು ಉಳಿದ ಹಾಳೆ ತಿರುವಿದ. ಸ್ಟೇಷನ್ ನಾಯಿಗೆ ಕಲ್ಲು. ಬಜಾರಿನ ಹಂದಿಗೆ ಬಿಸಿನೀರು. ಕತ್ತೆಗೆ ಒದೆ. ಎಲ್ಲವೂ ಕಣ್ಣು ಮುಚ್ಚಿ ಮುಂದಿನ ಏಟಿಗೆ ಕಾಯುತ್ತಿದ್ದವು.

‘ಅಯ್ಯೋ... ನಾನೆಂಥ ಕೆಲಸ ಮಾಡಿದೆ!’ ಅಂದುಕೊಂಡ ಮರಿಲಿಂಗ.

“ಗಿರಾಕಿ ಜೋಡಿ ಜಗಳಾ ಆಡ್ತೀ?”

ಒಳಗಿನಿಂದ ಬಂದ ಅವಳಪ್ಪ ಲಕ್ಷ್ಮಿಕಾಂತ ಬಿದಿರಿನ ಅಳತೆಕೋಲು ಎತ್ತಿದ. ಉಮಾ ಕಣ್ಣು ಮುಚ್ಚಿದಳು, ತಾನೇ ಬಿಡಿಸಿದ ಎತ್ತಿನ ಹಾಗೆ.

ಏಟು ಬಿತ್ತು... ಅವಳ ಮೇಲಲ್ಲ! ಕಣ್ಣು ತೆರೆದರೆ, ಅಡ್ಡ ಬಂದ ಮರಿಲಿಂಗನ ಹುಬ್ಬು ಸೀಳಿ ರಕ್ತ ಸುರಿಯುತ್ತಿತ್ತು. ಅಪ್ಪ ಮತ್ತೆ ಕೋಲು ಎತ್ತಿದ.

ಉಮಾ ಇಷ್ಟು ವರ್ಷ ನುಂಗಿದ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿತು. ಕೋಲು ಕಸಿದುಕೊಂಡು, ಮೊಳಕಾಲಿಗೆ ಒತ್ತಿ ಮುರಿದು, ಬೀದಿಗೆ ಎಸೆದಳು.

“ಸಾಕು ಯಪ್ಪಾ! ಇನ್ನೊಮ್ಮಿ ಕೈ ಎತ್ತಿದ್ರ, ಮಗಳು ಸತ್ಲು ಅನ್ಕೊ!”

ಲಕ್ಷ್ಮಿಕಾಂತ ಕೈ ಇಳಿಸಿದ. ಅವಳು ಅಂದೇ ಚಿಕ್ಕಮ್ಮ ಮೌನಮ್ಮನ ಮನೆ ಸೇರಿದಳು.

ಎಂಟು ದಿನಕ್ಕೆ ಚಿಕ್ಕಮ್ಮನ ಜೊತೆ ಕಕ್ಕೇರಾಕ್ಕೆ ಬಂದಳು, ಎತ್ತುಗಳನ್ನು ಕಣ್ಣಾರೆ ನೋಡಿ ಹರಿದ ಪುಟವನ್ನು ಮತ್ತೆ ಬಿಡಿಸಲು. ಮರಿಲಿಂಗನ ಅಪ್ಪ ಅಂಬ್ರಪ್ಪನ ಕೈಯಲ್ಲಿ ಬಾರಕೋಲೇ ಇರಲಿಲ್ಲ. “ನಡೀಪಾ ಮಗಾ” ಅಂದರೆ ಸಾಕು, ಎತ್ತುಗಳು ಹೆಜ್ಜೆ ಹಾಕುತ್ತಿದ್ದವು. ಈ ಸಲ ಚಿತ್ರದ ಎತ್ತಿಗೆ ಅವಳು ತೆರೆದ ಕಣ್ಣು ಬಿಡಿಸಿದಳು.

ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡಿದ್ದ ಮಾಸ್ತರ ಹತ್ತಿರ ಬಂದ.

“ಹಾಳಿ ಹರದಿದ್ದು ತಪ್ಪಾತ್ರಿ...”

“ಹೊಲಿಗಿ ನೋಯತಾವೇನ್ರಿ?”

“ಎಂಟು ದಿನ ನೋಯ್ತು. ಈಗ ಇಲ್ಲ.”

ಅವನು ಅಪ್ಪನ ಗಾಡಿಗೆ ಅವಳನ್ನು ಹತ್ತಿಸಿ, ಎತ್ತಿನ ಹಗ್ಗವನ್ನು ಅವಳ ಕೈಗಿಟ್ಟ.

“ನಂಗ ಹೊಡಿಯಾಕ ಬರಂಗಿಲ್ರಿ...”

“ಬರತದ. ಗಾಡಿ ನೀ ಹೊಡಿ, ಉಮಾ. ನಾ ಬಾಜೂಕ ಕುಂದರ್ತೀನಿ... ಜಲ್ಮಪೂರ್ತಿ.”

ಉಮಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಮತ್ತ... ದಾರಿ ತಪ್ಪಿದ್ರ?”

“ಇಬ್ರೂ ಕೂಡೇ ತಪ್ಪೋಣು.”

ಕಣ್ಣೊರೆಸಿಕೊಂಡು ಅವಳು ಹಗ್ಗ ಅಲ್ಲಾಡಿಸಿದಳು.

“ನಡೀಪಾ ಮಗಾ!”