ರೇಡಿಯೋ ಕೋಣೆಯ ಮಾತು

“ಪ್ರಾಮಿಸ್ ಮಾಡು. ಯಾರಿಗೂ ಹೇಳ್ಬಾರ್ದು,” ಎಂದಳು ಟಿಲ್ಡಾ.

“ಪ್ರಾಮಿಸ್, ಪ್ರಾಮಿಸ್! ಬೇಗ ಹೇಳೇ ಮಾರಾಯ್ತಿ, ಬೆಲ್ ಹೊಡಿಯುತ್ತೆ,” ಎಂದು ಶೆಲ್ಬಿ ತನ್ನ ದಾಲ್ಚಿನ್ನಿ ರೋಲನ್ನು ಪಕ್ಕಕ್ಕೆ ಸರಿಸಿದಳು. ಮಂಗಳವಾರ ಶಾಲೆಯ ಊಟಕ್ಕೆ ಚಿಲ್ಲಿ ಎಂಬ ಬಿಸಿಬಿಸಿ ಕಾಳು-ಮಾಂಸದ ಸಾರು, ಜೊತೆಗೆ ಸಿಹಿ ಬನ್ನಿನಂಥ ದಾಲ್ಚಿನ್ನಿ ರೋಲ್. ಶೆಲ್ಬಿ ಆ ರೋಲನ್ನು ತಿನ್ನದೆ ಕಾಯುತ್ತಾಳೆಂದರೆ ಅದೇನು ಸಣ್ಣ ವಿಷಯವೇ?

ಟಿಲ್ಡಾ ಬಗ್ಗಿ ಪಿಸುಗುಟ್ಟಿದಳು. “ನಿನ್ನೆ ಸಂಜೆ ನಮ್ಮ ಕ್ಲಾಸಿನ ವೆಸ್‌ನ ಅಜ್ಜಿ ನೈಟಿ ಹಾಕ್ಕೊಂಡು, ತಲೆ ಮೇಲೆ ತಾತನ ಹ್ಯಾಟ್ ಇಟ್ಕೊಂಡು ಹೈವೇಲಿ ನಿಂತಿದ್ರಂತೆ. ದನದ ಲಾರಿಗೆ ಕೈ ಅಡ್ಡ ಹಿಡಿದು ಡ್ರಾಪ್ ಕೇಳ್ತಿದ್ರಂತೆ ಕಣೇ! ಡೆಪ್ಯೂಟಿ ಗ್ಯಾರೆಟ್ ಹೋಗಿ ಕರ್ಕೊಂಡು ಬಂದ್ರು.”

“ಅಯ್ಯೋ! ನಿಂಗೆ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಅಮ್ಮನ ಆಫೀಸಿನ ರೇಡಿಯೋದಲ್ಲೇ ಬಂತಲ್ಲ. ನಾನೇ ಕೇಳಿಸ್ಕೊಂಡೆ.”

ಟಿಲ್ಡಾಳಿಗೆ ಹಾಗೆ ಹೇಳುವಾಗ ಸ್ವಲ್ಪ ಜಂಬವೇ ಆಯಿತು. ನಾಲ್ಕನೇ ಕ್ಲಾಸಿನಲ್ಲಿ ಬೇರೆ ಯಾರಿಗಿತ್ತು ಇಂಥ ಅವಕಾಶ?

ಅವಳ ಅಮ್ಮ ರೆನೇಗೆ ಶೆರೀಫರ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರ, ಕಚೇರಿಯಲ್ಲಿ ಕೆಲಸ. ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಸಣ್ಣ ರೇಡಿಯೋ ಕೋಣೆ. ಇಡೀ ಕೌಂಟಿಯಲ್ಲಿ ಯಾರಿಗೆ ಏನೇ ಆದರೂ ಫೋನು ಮೊದಲು ಬರುವುದು ಅಲ್ಲಿಗೆ. ಬೇಲಿ ಮುರಿದು ದನಗಳು ರಸ್ತೆಗೆ ಬಂದರೆ, ಒಣಹುಲ್ಲಿಗೆ ಬೆಂಕಿ ಬಿದ್ದರೆ, ಹಿಮದಲ್ಲಿ ಕಾರು ಹೂತುಹೋದರೆ, ಗಂಡ ಹೆಂಡತಿ ಜಗಳ ಕೈ ಮೀರಿದರೆ, ಎಲ್ಲವೂ ಅಮ್ಮನ ಕಿವಿಗೆ ಬೀಳಬೇಕು. ಅಮ್ಮ ರೇಡಿಯೋದಲ್ಲಿ ಹೇಳಿದರೆ ಯಾರಾದರೊಬ್ಬ ಡೆಪ್ಯೂಟಿ ಹೊರಡುತ್ತಾರೆ. ಕೌಂಟಿ ಎಷ್ಟು ದೊಡ್ಡದೆಂದರೆ, ಕೆಲವೊಮ್ಮೆ ಅವರು ತಲುಪುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೂ ಅಮ್ಮ ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾಳೆ.

ಶಾಲೆಯ ಬಸ್ಸು ಟಿಲ್ಡಾಳನ್ನು ದಿನವೂ ಅಲ್ಲಿಯೇ ಇಳಿಸುತ್ತಿತ್ತು. ಆರು ಗಂಟೆಗೆ ಅಮ್ಮನ ಕೆಲಸ ಮುಗಿಯುವವರೆಗೆ ಅವಳು ಮೂಲೆಯ ಮೇಜಿನಲ್ಲಿ ಹೋಂವರ್ಕ್ ಮಾಡಬೇಕು. ಶೆರೀಫ್ ಸ್ಟ್ರೋಮ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಆ ಕೋಣೆಯಲ್ಲಿ ಕೇಳಿದ್ದು ಹೊರಗೆ ಹೋಗಕೂಡದು.

‘ಶೆಲ್ಬಿ ಒಬ್ಬಳಿಗೆ ತಾನೆ ಹೇಳಿದ್ದು,’ ಎಂದುಕೊಂಡಳು ಟಿಲ್ಡಾ.

ಆದರೆ ಮಧ್ಯಾಹ್ನದ ಆಟದ ಹೊತ್ತಿಗೆ ಹುಡುಗರು ಸಾಲಾಗಿ ನಿಂತಿದ್ದರು. ವೆಸ್ ಎದುರು ಬಂದಾಗಲೆಲ್ಲ ಎಲ್ಲರೂ ಹೆಬ್ಬೆರಳು ಚಾಚಿ, “ಡ್ರಾಪ್ ಕೊಡಿ ಸಾರ್, ಡ್ರಾಪ್! ಅಜ್ಜಿ ಬಂದ್ರು, ದಾರಿ ಬಿಡ್ರೋ!” ಎಂದು ಕೂಗುತ್ತಿದ್ದರು. ಒಬ್ಬ ತನ್ನ ಜಾಕೆಟನ್ನು ನೈಟಿಯಂತೆ ಸೊಂಟಕ್ಕೆ ಸುತ್ತಿಕೊಂಡು ಕುಣಿದ.

ವೆಸ್ ಯಾರನ್ನೂ ಬೈಯಲಿಲ್ಲ, ಹೊಡೆಯಲೂ ಇಲ್ಲ. ಅವನ ಕಿವಿಗಳು ಮಾತ್ರ ಕೆಂಪಾದವು. ಹೋಗಿ ಬಾಸ್ಕೆಟ್‌ಬಾಲ್ ಕಂಬದ ಹಿಂದೆ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

“ನೀನು ಪ್ರಾಮಿಸ್ ಮಾಡಿದ್ಯಲ್ಲೇ!” ಟಿಲ್ಡಾ ಶೆಲ್ಬಿಯ ತೋಳು ಹಿಡಿದೆಳೆದಳು.

“ನಾನು ಒಬ್ಳಿಗೇ ಹೇಳಿದ್ದು ಕಣೇ. ಅವ್ಳೂ ಪ್ರಾಮಿಸ್ ಮಾಡಿದ್ಲು,” ಎಂದಳು ಶೆಲ್ಬಿ. “ಅದ್ಸರಿ, ನೀನ್ಯಾಕೆ ನಂಗೆ ಹೇಳ್ದೆ?”

ಟಿಲ್ಡಾ ಹಿಡಿದ ತೋಳನ್ನು ಬಿಟ್ಟಳು. ಬುಧವಾರ ವೆಸ್ ಊಟದ ಕೋಣೆಗೇ ಬರಲಿಲ್ಲ.

ಗುರುವಾರ ಸಂಜೆ. ಅಕ್ಟೋಬರ್ ಕೊನೆಯ ಗಾಳಿ ಕಿಟಕಿಯನ್ನು ಗಡಗಡ ಅಲ್ಲಾಡಿಸುತ್ತಿತ್ತು. ಹೊರಗಿನ ಕೋಣೆಯಲ್ಲಿ ಶೆರೀಫ್ ಸ್ಟ್ರೋಮ್, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರೊಬ್ಬರ ಬೆರಳಚ್ಚನ್ನು ನಿಯಮದಂತೆ ತೆಗೆದುಕೊಳ್ಳುತ್ತ, “ಕೈ ಸಡಿಲ ಬಿಡಿ ಮೇಡಂ, ನಾನೇನು ಬೆರಳು ಕಿತ್ಕೊಳ್ಳಲ್ಲ,” ಎಂದು ನಗಿಸುತ್ತಿದ್ದರು. ಟಿಲ್ಡಾ ಭಿನ್ನರಾಶಿಯ ಲೆಕ್ಕ ಬಿಟ್ಟು ಕಿಟಕಿಯತ್ತ ನೋಡಿದಳು. ನೆಲಮಾಳಿಗೆಯ ಆ ಕಿಟಕಿಯಲ್ಲಿ ಕಾಣುವುದು ಹೋಗಿಬರುವವರ ಕಾಲುಗಳು ಮಾತ್ರ.

ಒಂದು ಸೈಕಲ್ ಬಂತು. ನಿಂತಿತು. ಮತ್ತೆ ಹೋಯಿತು. ತಿರುಗಿ ಬಂತು. ಪೆಡಲ್ ಮೇಲೆ ನೀಲಿ ಲೇಸಿನ ಬೂಟು. ವೆಸ್!

ಟಿಲ್ಡಾ ಮೆಟ್ಟಿಲು ಹತ್ತಿ ಹೊರಗೆ ಓಡಿದಳು. ವೆಸ್ ಹ್ಯಾಂಡಲ್ ಹಿಡಿದು ನಿಂತಿದ್ದ. ಅವನಿಗೆ ಏದುಸಿರು. ಮೂಗು ಸೋರುತ್ತಿದ್ದರೂ ಒರೆಸಿಕೊಂಡಿರಲಿಲ್ಲ.

“ಏನಾಯ್ತೋ?”

“ಏನಿಲ್ಲ. ಹೋಗು ನೀನು.”

“ಅಜ್ಜಿನಾ?”

ವೆಸ್ ತುಟಿ ಕಚ್ಚಿಕೊಂಡ. “ನಾಯಿಗೆ ಊಟ ಹಾಕಕ್ಕೆ ಅಂತ ಹಿತ್ತಲಿಗೆ ಹೋಗಿದ್ದೆ ಅಷ್ಟೇ. ಐದೇ ನಿಮಿಷ. ವಾಪಸ್ ಬಂದ್ರೆ ಅಜ್ಜಿ ಇಲ್ಲ. ಅಮ್ಮ ಬರೋವರೆಗೂ ನೋಡ್ಕೋಬೇಕಾಗಿದ್ದು ನಾನು. ಹೈವೇ ಪೂರ್ತಿ ಹುಡುಕ್ದೆ. ಎಲ್ಲೂ ಇಲ್ಲ.”

“ಮತ್ತೆ ಒಳಗೆ ಬಾರೋ! ನಮ್ಮಮ್ಮಂಗೆ ಹೇಳೋಣ.”

“ಬೇಡ!” ವೆಸ್ ಸೈಕಲ್ ಹಿಂದಕ್ಕೆ ಎಳೆದುಕೊಂಡ. “ಮೊನ್ನೆ ಇಲ್ಲಿಗೆ ಫೋನ್ ಮಾಡಿದ್ಕೇ ಅಲ್ವಾ ಇಡೀ ಸ್ಕೂಲಿಗೆ ಗೊತ್ತಾಗಿದ್ದು? ನಿಮ್ಮಮ್ಮನೇ ಎಲ್ರಿಗೂ ಹೇಳಿರ್ಬೇಕು. ಮತ್ತೆ ಹೇಳಿದ್ರೆ ನಾಳೆ ಇನ್ನೂ ನಗ್ತಾರೆ. ನಾನೇ ಹುಡುಕ್ತೀನಿ.”

ಗಾಳಿ ಟಿಲ್ಡಾಳ ಸ್ವೆಟರಿನೊಳಗೆ ನುಗ್ಗಿತು. ಕತ್ತಲಾಗಲು ಇನ್ನು ಒಂದು ಗಂಟೆಯೂ ಇರಲಿಲ್ಲ. ಅಜ್ಜಿ ಎಲ್ಲೋ ಈ ಗಾಳಿಯಲ್ಲಿ ನಡೆಯುತ್ತಿದ್ದಾರೆ. ವೆಸ್ ಮಾತ್ರ ಒಳಗೆ ಬರುತ್ತಿಲ್ಲ.

“ಅಮ್ಮ ಹೇಳಿಲ್ಲ,” ಎಂದಳು ಟಿಲ್ಡಾ. “ನಾನು ಹೇಳಿದ್ದು. ಶೆಲ್ಬಿಗೆ. ಅಮ್ಮಂಗೆ ಅದು ಗೊತ್ತೂ ಇಲ್ಲ.”

ವೆಸ್ ಅವಳನ್ನೇ ನೋಡಿದ. ಈಗ ಹೊಡೆಯುತ್ತಾನೆ ಅಂದುಕೊಂಡಳು ಟಿಲ್ಡಾ. ಅವನು ಹೊಡೆಯಲಿಲ್ಲ. ಸೈಕಲನ್ನು ಅಲ್ಲೇ ಹುಲ್ಲಿನ ಮೇಲೆ ಬೀಳಿಸಿ, ಅವಳನ್ನು ದಾಟಿಕೊಂಡು ದಡದಡ ಮೆಟ್ಟಿಲಿಳಿದ.

ರೆನೇ ಒಂದು ಕ್ಷಣವೂ ಗಾಬರಿಯಾಗಲಿಲ್ಲ. ಒಂದು ಕುರ್ಚಿ ಎಳೆದು ವೆಸ್‌ನನ್ನು ಕೂರಿಸಿದಳು.

“ನೀನಿಲ್ಲಿಗೆ ಬಂದಿದ್ದು ಒಳ್ಳೇದಾಯ್ತು. ಈಗ ಒಂದೊಂದೇ ಹೇಳು. ಅಜ್ಜಿ ಏನು ಹಾಕ್ಕೊಂಡಿದ್ರು?”

“ಹಸಿರು ಸ್ವೆಟರ್. ಮನೇಲಿ ಹಾಕೋ ಚಪ್ಪಲಿ. ಕೋಟ್ ಗೂಟದಲ್ಲೇ ಇದೆ.”

“ಎಷ್ಟು ಹೊತ್ತಾಯ್ತು?”

“ಮುಕ್ಕಾಲು ಗಂಟೆ. ನಾನು... ನಾನೇ ಹುಡುಕೋಣ ಅಂತ...”

“ಆಯ್ತು ಕಂದಾ. ಇವತ್ತು ಅಜ್ಜಿ ಏನಾದ್ರೂ ಮಾತಾಡ್ತಿದ್ರಾ? ನೆನಪು ಮಾಡ್ಕೋ. ಏನಾದ್ರೂ ಪರ್ವಾಗಿಲ್ಲ.” ರೆನೇಯ ಬೆರಳುಗಳು ಕೀಬೋರ್ಡಿನ ಮೇಲೆ ಓಡುತ್ತಿದ್ದವು. ದನಿ ಮಾತ್ರ ಸಾವಕಾಶವಾಗಿತ್ತು.

ವೆಸ್ ಕಣ್ಣು ಮುಚ್ಚಿ ಯೋಚಿಸಿದ. “ಸೇಬು ಹೆಚ್ಬೇಕು ಅಂತಿದ್ರು. ಗುರುವಾರ ಅಲ್ವಾ, ಜನ ಬಂದ್ಬಿಡ್ತಾರೆ ಅಂತ.”

ರೆನೇಯ ಬೆರಳು ನಿಂತವು. “ಗುರುವಾರ. ಹರಾಜಿನ ದಿನ!”

ಊರಿನ ಆಚೆ ದನದ ಹರಾಜು ನಡೆಯುತ್ತಿದ್ದ ದೊಡ್ಡ ಕಟ್ಟಡವೊಂದಿತ್ತು. ಅದರ ಅಡುಗೆಮನೆಯಲ್ಲಿ ವೆಸ್‌ನ ಅಜ್ಜಿ ಆರ್ಡಿಸ್ ಮೂವತ್ತು ವರ್ಷ, ಹರಾಜಿಗೆ ಬಂದವರಿಗಾಗಿ ಸೇಬು ತುಂಬಿ ಬೇಯಿಸುವ ಆಪಲ್ ಪೈ ಮಾಡಿದ್ದರು. ಹರಾಜು ನಿಂತು, ಕಟ್ಟಡಕ್ಕೆ ಬೀಗ ಬಿದ್ದು ನಾಲ್ಕು ವರ್ಷವಾಗಿತ್ತು.

ರೆನೇ ರೇಡಿಯೋದ ಗುಂಡಿ ಒತ್ತಿದಳು. ಗ್ಯಾರೆಟ್‌ಗೆ ಹೇಳಿದ್ದು ನಾಲ್ಕೇ ಮಾತು. ಆಮೇಲೆ ವೆಸ್‌ನ ಅಮ್ಮನಿಗೆ ಫೋನ್ ಮಾಡಿ ನಿಧಾನವಾಗಿ ವಿಷಯ ತಿಳಿಸಿದಳು. ಆಮೇಲೆ ಕಾಯುವುದಷ್ಟೇ ಉಳಿಯಿತು. ಗಡಿಯಾರದ ಮುಳ್ಳು ಅಂಟಿಕೊಂಡಂತೆ ಕಂಡಿತು.

“ಮಿಸೆಸ್ ಕೊವಾರ್,” ಎಂದ ವೆಸ್ ಮೆಲ್ಲಗೆ, ರೆನೇಯತ್ತ ತಿರುಗಿ. “ಇದನ್ನ ಯಾರಿಗೂ ಹೇಳಲ್ಲ ಅಲ್ವಾ?”

“ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಕಣಪ್ಪಾ.”

ಟಿಲ್ಡಾ ನೆಲ ನೋಡಿದಳು. ವೆಸ್ ಅವಳ ಹೆಸರು ಹೇಳುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

“ಇಲ್ಲಮ್ಮ, ಇಲ್ಲೇ ಇರ್ಲಿಲ್ಲ,” ಎಂದಳು ಟಿಲ್ಡಾ. “ಮೊನ್ನೆದು ನಾನು ಶೆಲ್ಬಿಗೆ ಹೇಳ್ಬಿಟ್ಟೆ. ಸ್ಕೂಲಲ್ಲಿ ಎಲ್ರೂ ವೆಸ್‌ನ ಆಡ್ಕೊಂಡ್ರು. ಅದಕ್ಕೇ ಅವ್ನು ಬೇಗ ಬಂದಿಲ್ಲ.”

ಅಮ್ಮ ತಿರುಗಿ ಅವಳನ್ನು ನೋಡಿದಳು. ಅಷ್ಟರಲ್ಲಿ ರೇಡಿಯೋ ಗರಗರ ಎಂದಿತು.

“ರೆನೇ, ಸಿಕ್ಕಿದ್ರು.” ಅದು ಗ್ಯಾರೆಟ್ ದನಿ. “ಅಡುಗೆಮನೆ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಕೈಕಾಲು ತಣ್ಣಗಾಗಿದೆ, ಬೇರೇನೂ ತೊಂದ್ರೆ ಇಲ್ಲ. ಇಷ್ಟೊತ್ತಾದ್ರೂ ಬಾಗಿಲು ಯಾಕೆ ತೆಗ್ದಿಲ್ಲ ಅಂತ ನಂಗೇ ಬೈತಿದ್ದಾರೆ. ಪೈ ತಡ ಆದ್ರೆ ನಾನೇ ಜವಾಬ್ದಾರನಂತೆ.”

ವೆಸ್ ನಕ್ಕ. ನಗುತ್ತಲೇ ಅವನ ಮುಖ ಸೊಟ್ಟಗಾಗಿ ಅಳು ಬಂತು. ರೆನೇ ಅವನ ಬೆನ್ನ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ, “ಹೀಟರ್ ಹಾಕಿ ಕರ್ಕೊಂಡ್ಬಾ. ಮೊಮ್ಮಗ ಇಲ್ಲೇ ಇದ್ದಾನೆ,” ಎಂದಳು.

ಅಜ್ಜಿ ಕಂಬಳಿ ಹೊದ್ದು ಬಂದರು. ವೆಸ್‌ನ ಅಮ್ಮನೂ ಓಡಿಬಂದರು. ಅವರೆಲ್ಲ ಹೊರಟಾಗ ವೆಸ್ ಒಮ್ಮೆ ಟಿಲ್ಡಾಳ ಕಡೆ ತಿರುಗಿ ನೋಡಿದ. ಆಮೇಲೆ ಅಮ್ಮ ಶೆರೀಫರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ನಿಮಿಷವಾದ ಮೇಲೆ ಹೊರಬಂದಾಗ ಅವಳ ಕತ್ತು ಕೆಂಪೇರಿತ್ತು.

“ನಾಳೆಯಿಂದ ನೀನು ಸ್ಕೂಲಿಂದ ನೇರ ಲೈಬ್ರರಿಗೆ ಹೋಗ್ಬೇಕು,” ಎಂದಳು. “ಇನ್ಮೇಲೆ ಈ ಕೋಣೆಗೆ ಬರೋ ಹಾಗಿಲ್ಲ.”

“ನಿಂಗೆ ಬೈದ್ರಾ ಅಮ್ಮಾ?”

“ಬೈಯೋದೇ ತಾನೆ. ತಪ್ಪಾಗಿತ್ತಲ್ಲ.”

ಟಿಲ್ಡಾ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡಳು.

ಇಬ್ಬರೂ ಕಾರು ಹತ್ತಿದರು. ಮುಖ್ಯ ಬೀದಿಯಲ್ಲಿ ಆಗ ತಾನೇ ದೀಪಗಳು ಹೊತ್ತಿದ್ದವು. ಎದುರು ಬಂದ ಪಿಕಪ್ ಟ್ರಕ್ಕಿನವನಿಗೆ ಅಮ್ಮ ಊರಿನ ರೂಢಿಯಂತೆ ಸ್ಟಿಯರಿಂಗ್ ಮೇಲಿಂದಲೇ ಎರಡು ಬೆರಳೆತ್ತಿ ವಂದಿಸಿದಳು. ಅವನೂ ಎತ್ತಿದ. ಅಂಗಡಿ ಮುಚ್ಚುತ್ತಿದ್ದ ಹೆಂಗಸಿಗೂ ಎತ್ತಿದಳು. ಎಲೆ ಗುಡಿಸುತ್ತಿದ್ದ ಮುದುಕನಿಗೂ.

ಟಿಲ್ಡಾ ಆ ಮುದುಕನನ್ನು ತಿರುಗಿ ನೋಡಿದಳು. ಅವನ ಮನೆಯಿಂದಲೂ ಯಾವತ್ತಾದರೂ ಫೋನ್ ಬಂದಿರಬಹುದು. ಆ ಅಂಗಡಿಯವಳೂ ಒಂದು ದಿನ ಅಮ್ಮನ ಹತ್ತಿರ ಅತ್ತಿರಬಹುದು. ಹಳದಿ ಬೆಳಕಿನ ಈ ಕಿಟಕಿ, ಆ ಕಿಟಕಿ, ಅದರಾಚೆಯದು... ಒಂದೊಂದರ ಬಗ್ಗೆಯೂ ಅಮ್ಮನಿಗೆ ಏನೋ ಒಂದು ಗೊತ್ತು. ಆದರೂ ಅವಳು ಎಲ್ಲರಿಗೂ ಒಂದೇ ರೀತಿ ಬೆರಳೆತ್ತುತ್ತಾಳೆ.

“ಅಮ್ಮಾ, ಆ ಮನೇಲಿ...” ಎಂದು ಶುರುಮಾಡಿದಳು ಟಿಲ್ಡಾ.

“ಏನು?”

“ಏನಿಲ್ಲ.”

ಕೊನೆಯ ತಿರುವಿನಲ್ಲಿ ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಬರುತ್ತಿದ್ದಳು. ಅಮ್ಮ ಗೇರ್ ಬದಲಿಸುತ್ತಿದ್ದಳು. ಅಮ್ಮನ ಬದಲು ಟಿಲ್ಡಾ ಕಿಟಕಿಯ ಗಾಜಿಗೆ ಎರಡು ಬೆರಳು ಎತ್ತಿ ಹಿಡಿದಳು.