ಷಡ್ಡಕನ ನಯದ ಪ್ಯಾಡು

ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು. ನಾನೂ ನನ್ನ ಷಡ್ಡಕನೂ ಒಂದೇ ಶೆಡ್ಡಿನಲ್ಲಿ ಕಾರುಗಳ ಬಣ್ಣಕ್ಕೆ ಪಾಲಿಶ್ ಹಾಕುತ್ತಿದ್ದೆವು. ಅವನಿಗೆ ಕೆಲಸ ಕಲಿಸಿದವನೇ ನಾನು. ಆದರೂ ಒಳ್ಳೆಯ ಕಾರು ಬಂದರೆ ಮಾಲೀಕ ಅವನನ್ನೇ ಕರೆಯುತ್ತಿದ್ದ. ಮನೆಗೆ ಹೋದರೆ ನನ್ನ ಹೆಂಡತಿಯೂ, "ನನ್ನ ತಂಗಿ ಗಂಡನ ಕೈ ನೋಡಿ, ಬೆಣ್ಣೆ!" ಅನ್ನುತ್ತಿದ್ದಳು.

ಬಣ್ಣ ಉಜ್ಜುವ ಪೇಸ್ಟಿಗೆ ಕಾಂಪೌಂಡು ಅನ್ನುತ್ತೇವೆ; ಒರಟು ಕಾಂಪೌಂಡು ಗೀರು ತೆಗೆಯುತ್ತದೆ, ನಯವಾದದ್ದು ಹೊಳಪು ಕೊಡುತ್ತದೆ. ಮೆಷಿನ್ನಿಗೆ ಸಿಕ್ಕಿಸುವ ನಯದ ಪ್ಯಾಡಿಗೆ ಒರಟು ತಾಗಿತೋ, ಬಿಸಿಲಿಗೆ ತಂದಾಗ ಬಣ್ಣದ ತುಂಬ ಜೇಡನ ಬಲೆಯಂಥ ಸುತ್ತುಗೀರು. ಒಂದು ಕರಿ ಕಾರಿನ ಕಡೆಯ ಕೈ ಬಾಕಿಯಿಟ್ಟು ಅವನು ಊಟಕ್ಕೆ ಹೋಗಿದ್ದಾಗ, ಅವನ ನಯದ ಪ್ಯಾಡಿಗೆ ಒರಟನ್ನು ತೀಡಿಟ್ಟೆ. ಉರಿಬಿಸಿಲಿನ ಹೊತ್ತು. ಪ್ಯಾಡು ಮಂಜುಗಡ್ಡೆಯಂತೆ ತಣ್ಣಗಿತ್ತು.

ಅವನು ಬಂದು ಕೆಲಸ ಮುಗಿಸಿದ. ಮೆಷಿನ್ನು ಅವನ ಕೈಯಲ್ಲಿತ್ತು, ಸದ್ದು ಮಾತ್ರ ನನ್ನ ಕೆನ್ನೆಯ ಪಕ್ಕದಲ್ಲೇ ಕೇಳುತ್ತಿತ್ತು.

ಕಾರನ್ನು ಬಿಸಿಲಿಗೆ ತಳ್ಳಿದೆವು. ಬಾನೆಟ್ಟಿನಲ್ಲಿ ಅವನ ಮುಖ ತಿಳಿನೀರಿನಲ್ಲಿ ಕಂಡಂತೆ ಕಂಡಿತು. ನನ್ನ ಮುಖ ಬಿದ್ದಷ್ಟು ಜಾಗದಲ್ಲಿ ಮಾತ್ರ ಬರೀ ಸುತ್ತುಗೀರು. ಒಂದು ಹೆಜ್ಜೆ ಸರಿದೆ. ಗೀರುಗಳೂ ನನ್ನ ಜೊತೆಗೇ ಸರಿದವು, ಬಿಟ್ಟ ಜಾಗ ಫಳಫಳ ಹೊಳೆಯಿತು.

"ಗೀರಿದೆಯಲ್ಲೋ ಇಲ್ಲಿ" ಅಂದೆ.

"ಎಲ್ಲಣ್ಣ? ನಿನ್ನ ಕಣ್ಣಿಗೇ ಪಾಲಿಶ್ ಹಾಕ್ಬೇಕು" ಎಂದು ನಕ್ಕ.

ಇದಾಗಿ ಮೂವತ್ತು ವರ್ಷವಾಯಿತು. ಅವನಿಗಾಗಲಿ ನನ್ನ ಹೆಂಡತಿಗಾಗಲಿ ಇವತ್ತಿಗೂ ಆ ಗೀರು ಕಾಣುವುದಿಲ್ಲ. ಮನೆಯ ಕನ್ನಡಿಯನ್ನು ನಾನು ಮೂರು ಸಲ ಬದಲಾಯಿಸಿದ್ದೇನೆ.