ಕೆಂಚಪ್ಪನ ಒಳಮುಖ

ಕೆಂಚಪ್ಪನ ಮುಖಕ್ಕಾಗಿ ಸಿದ್ದರಾಮು ಒಂದು ಹಲ್ಲನ್ನು ತೆತ್ತಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ, ಕಿರುಗಾವಲಿನ ಬಳಿಯ ಹಳ್ಳಿಯೊಂದರಿಂದ ಆ ಮರದ ಮುಖವಾಡವನ್ನು ತರುವಾಗ ಗೆಳೆಯ ಜಯಪ್ರಕಾಶ್ ಸ್ಕೂಟರನ್ನು ಗುಂಡಿಗೆ ಇಳಿಸಿದ್ದ. ಹಿಂದೆ ಕುಳಿತಿದ್ದ ಸಿದ್ದರಾಮು ಮುಖವಾಡವನ್ನು ಎರಡೂ ಕೈಗಳಿಂದ ಎದೆಗವಚಿಕೊಂಡೇ ಬಿದ್ದರು. ಅದಕ್ಕೊಂದು ಗೀರೂ ಆಗಲಿಲ್ಲ. ಅವರ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಮಣ್ಣಿನಲ್ಲಿ ಉಳಿಯಿತು. ಆ ಜಾಗಕ್ಕೆ ಕಟ್ಟಿಸಿಕೊಂಡ ಹಲ್ಲನ್ನು ಗಟ್ಟಿಯಾದುದೇನನ್ನಾದರೂ ಕಚ್ಚುವ ಮುನ್ನ ತೆಗೆದಿಡಬೇಕಿತ್ತು. ತೆಗೆಯುವುದು ಕೈಗೆ ಅಭ್ಯಾಸವಾಯಿತು. ಏಕೆ ತೆಗೆಯಬೇಕಾಯಿತು ಎಂಬುದನ್ನು ಮನಸ್ಸು ಮರೆಯಲಿಲ್ಲ.

ಮುಂದೆ ಕೆಂಚಪ್ಪ, ಒಂದು ಹುಬ್ಬು ಮೇಲೇರಿಸಿ, ಯಾರೋ ಹೇಳಿದ ಪೋಲಿಮಾತು ಕೇಳಿ ತಡೆದಿಟ್ಟುಕೊಂಡ ನಗೆಯೊಡನೆ, ಜಯಪ್ರಕಾಶ್ ವಿನ್ಯಾಸ ಮಾಡಿದ ಪುಸ್ತಕಗಳ ಹೊದಿಕೆಗಳ ಮೇಲೆ, ನಾಟಕಗಳ ಭಿತ್ತಿಪತ್ರಗಳ ಮೇಲೆ ಕಾಣಿಸಿಕೊಂಡ. ಹೆಸರೆಲ್ಲ ಜಯಪ್ರಕಾಶನಿಗೆ ಬಂತು. ಆ ಮುಖವನ್ನು ಮೊದಲು ಕಂಡ ಕಣ್ಣು ಮಳವಳ್ಳಿಯ ಡ್ರಾಯಿಂಗ್ ಮೇಷ್ಟ್ರು ಸಿದ್ದರಾಮು ಅವರದೆಂದು ಅವನು ಎಲ್ಲಿಯೂ ಬರೆಯಲಿಲ್ಲ.

ಈಗ ಜಯಪ್ರಕಾಶ್ ಇಲ್ಲ. ಮದ್ದೂರಿನ ಅವನ ಮನೆಯ ಗೋಡೆಗಳ ತುಂಬ ಅವನು ಕೂಡಿಟ್ಟ ವಿಚಿತ್ರಗಳಿವೆ: ಮೀಸೆಯಡಿ ನಾಲಗೆ ಚಾಚಿದ ದೃಷ್ಟಿಬೊಂಬೆಗಳು, ಹಸಿರು ಹುಲಿ ಬರೆದ ಸೋಡಾ ಅಂಗಡಿಯ ತಗಡು, ಬಂಡೂರಿನ ಕುರಿಗಾಹಿಯೊಬ್ಬ ಕೆತ್ತಿದ ಮನುಷ್ಯಕಿವಿಯ ಟಗರು. ಎಲ್ಲವೂ ಬಂದ ಮನೆಗಳಿಗೇ ಮರಳಲಿ ಎಂದು ಬರೆದಿಟ್ಟು ಹೋಗಿದ್ದ. ಮಗಳು ದೀಪಿಕ ಆ ಕಾಗದವನ್ನು ಸಿದ್ದರಾಮು ಅವರ ಕೈಗಿತ್ತು, "ಯಾವುದು ಯಾರ ಮನೇದು ಅಂತ ನಿಮಗೊಬ್ಬರಿಗೇ ಗೊತ್ತಿರೋದು, ಮಾಮ. ನೀವೇ ನಿಂತು ಕೊಡಿಸಿ," ಎಂದಳು.

ಕೆಂಚಪ್ಪನೊಬ್ಬನನ್ನು ಬಿಟ್ಟು ಎಲ್ಲವನ್ನೂ ಕೊಡಿಸಲು ಅವರು ಆ ಕ್ಷಣದಲ್ಲೇ ನಿರ್ಧರಿಸಿದರು. ಮಾರುವ ಯೋಚನೆಯಿರಲಿಲ್ಲ. ಉಳಿದ ಸಂಜೆಗಳಲ್ಲಿ ಆ ಮುಖದೆದುರು ಕುಳಿತಿರಬೇಕು, ಅಷ್ಟೇ.

"ಇದಕ್ಕೆ ಹುಳು ಬಿದ್ದಿದೆ ಕಣಮ್ಮ. ಮನೆಗೆ ತಗೊಂಡು ಹೋಗಿ ಔಷಧಿ ಹಾಕಿ ತರ್ತೀನಿ," ಎಂದರು ದೀಪಿಕಳಿಗೆ.

ಮಳವಳ್ಳಿಯ ಒಂಟಿಮನೆಯಲ್ಲಿ ಅವರು ಒಂದು ತಿಂಗಳು ದುಡಿದರು. ಕೆಡವಿದ ಹಳೆಯ ಮನೆಯೊಂದರ ತೊಲೆಯ ತುಂಡಿನಲ್ಲಿ ಇನ್ನೊಬ್ಬ ಕೆಂಚಪ್ಪನನ್ನು ಕೆತ್ತಿದರು. ಹುಣಸೆಬೀಜದ ಅಂಟಿನಲ್ಲಿ ಕಾವಿ ಕಲಸಿ ಬಳಿದರು. ಆಲೆಮನೆಯಿಂದ ತಂದ ಕಬ್ಬಿನ ಸಿಪ್ಪೆಯ ಹೊಗೆಯಲ್ಲಿ ಅದಕ್ಕೆ ನೂರು ವರ್ಷದ ವಯಸ್ಸು ಕೊಟ್ಟರು. ಎಡಗೆನ್ನೆಯ ಬಿರುಕು, ಗಲ್ಲದ ಸವಕಳಿ, ಹಣೆಯಲ್ಲಿ ಕುಂಕುಮ ಕಪ್ಪಾದ ಕಲೆ, ಒಂದೂ ತಪ್ಪಲಿಲ್ಲ.

ಅವರ ಹೆಮ್ಮೆಯೆಲ್ಲ ಇದ್ದದ್ದು ಮುಖದ ಒಳಗೆ. ಕೆಂಚಪ್ಪನಿಗೆ ಕಟ್ಟುವ ದಾರವಿಲ್ಲ. ಒಳಗೆ ಅಡ್ಡಲಾಗಿ ಕೂರಿಸಿದ ಬೇವಿನ ಕಡ್ಡಿಯನ್ನು ಕಚ್ಚಿ ಹಿಡಿದೇ ಕುಣಿಯಬೇಕು. ತಲೆಮಾರುಗಳ ಹಲ್ಲು ಆ ಕಡ್ಡಿಯಲ್ಲಿ ಗುಳಿಗಳಾಗಿ ನಿಂತಿತ್ತು. ಉಳಿಯಿಂದ ತೋಡಿದ ಗುಳಿ ಕೈಗೆ ಸುಳ್ಳೆಂದು ತಿಳಿದುಬಿಡುತ್ತದೆ. ಆದುದರಿಂದ ಕಡ್ಡಿಯನ್ನು ಮೂರು ದಿನ ನೆನೆಹಾಕಿ, ದಿನವೂ ತಾವೇ ಕಚ್ಚಿದರು. ಕಹಿ ಗಂಟಲಿಗಿಳಿಯುತ್ತಿದ್ದರೂ ಬಿಡಲಿಲ್ಲ. ಕವಿತೆಯೊಂದರ ಕೊನೆಯ ಸಾಲು ತಾನಾಗಿ ಬಂದು ಕುಳಿತಾಗಿನ ನೆಮ್ಮದಿ ಅವರದಾಯಿತು.

ಹಿಂತಿರುಗಿಸುವ ದಿನ, ಹತ್ತೂವರೆಯ ಹೊತ್ತಿಗೆ, ಕೆಂಚಪ್ಪನ ಮನೆತನದ ಹಿರಿಯಾಕೆ ಮರಿತಾಯಮ್ಮ ಬಸ್ಸಿಳಿದು ಮದ್ದೂರಿನ ಮನೆಗೆ ಬಂದರು. ಕಣ್ಣಿಗೆ ಪೊರೆ ಕವಿದಿತ್ತು. ಅದನ್ನು ಕಂಡು ಸಿದ್ದರಾಮು ಅವರಿಗೆ ಸಮಾಧಾನಕ್ಕಿಂತ ತುಸು ಬೇಸರವೇ ಆಯಿತು. ಇಷ್ಟು ಕಷ್ಟದ ಕೆಲಸಕ್ಕೆ ಇಷ್ಟು ಸುಲಭದ ಪರೀಕ್ಷಕಿ.

"ಏನ್ ಮೇಷ್ಟ್ರೇ," ಎಂದರು ಮುದುಕಿ ಜಗಲಿಯ ಮೇಲೆ ಕೂರುತ್ತ. "ಸ್ಕೂಟರ್ ಮ್ಯಾಲೆ ಮದ್ವೆ ಎಣ್ಣ ಆರಿಸ್ಕೊಂಡೋದಂಗೆ ಓದ್ರಿ. ಈಗ್ಲಾದ್ರೂ ತವರ್ಗೆ ಕಳಿಸ್ತೀರೋ ಇಲ್ವೋ?"

"ಕಳಿಸೋಕೇ ಕರೆಸಿರೋದು, ತಾಯಿ."

"ನನ್ ಗಂಡ ತೀರ್ಕೊಂಡ್ಮೇಲೆ ಕುಣಿಯೋರಿಲ್ಲ ಅಂತ ನಿಮ್ಮಪ್ಪನ ಕೈಗ್ ಕೊಟ್ಟಿದ್ದೆ," ಎಂದರು ಮುದುಕಿ ದೀಪಿಕಳತ್ತ ತಿರುಗಿ. " ಕುಣಿಯೋನ್ ಬಂದಾಗ ಕೊಟ್ಬುಡಿ ಅಂದಿದ್ದೆ. ಈಗ ಮೊಮ್ಮಗ ಶಿವು ಕಲ್ತವ್ನೆ. ಕೆಂಚಪ್ಪ ಮನೆ ಸೇರ್ದೆ ನಾನ್ ಕಣ್ಮುಚ್ಚಾಕಿಲ್ಲ ಕಣವ್ವ."

ದೀಪಿಕ ಮದ್ದೂರು ವಡೆಯ ತಟ್ಟೆಗಳನ್ನು ತಂದಿಟ್ಟಳು. ವಡೆ ಗರಿಗರಿಯಾಗಿತ್ತು. ಸಿದ್ದರಾಮು ಎಂದಿನಂತೆ ಬಾಯಿಗೆ ಕರವಸ್ತ್ರವನ್ನು ಮರೆಹಿಡಿದು, ಆಮೇಲೆ ಮುರಿದು ಬಾಯಿಗಿಟ್ಟುಕೊಂಡರು. ಮರಿತಾಯಮ್ಮನ ಬೆರಳುಗಳು ಮಡಿಲಿಗಿಟ್ಟ ಕೆಂಚಪ್ಪನ ಹಣೆಯಿಂದ ಇಳಿದವು. ಬಿರುಕಿನಲ್ಲಿ ತಂಗಿದವು. ಏರಿದ ಹುಬ್ಬನ್ನು ಸವರಿದವು.

"ಮೊಕ ಅದೇಯ," ಎಂದರು. "ಕಳ್ಳನ್ಮಗ, ಅಂಗೇ ನಗ್ತಾವ್ನೆ."

ಸಿದ್ದರಾಮು ವಡೆಯ ಇನ್ನೊಂದು ಚೂರು ಮುರಿದುಕೊಂಡರು. ಅಸಲು ಮುಖ ಈ ಹೊತ್ತು ಮಳವಳ್ಳಿಯ ಕಪಾಟಿನಲ್ಲಿ, ಹಳೆಯ ಕವನ ಸಂಕಲನಗಳ ಹಿಂದೆ, ತಮಗಾಗಿ ಕಾಯುತ್ತಿದೆ.

ಮರಿತಾಯಮ್ಮ ಮುಖವನ್ನು ಮಗುಚಿ, ಬೇವಿನ ಕಡ್ಡಿಯ ಮೇಲೆ ಹೆಬ್ಬೆರಳನ್ನು ಎಡದಿಂದ ಬಲಕ್ಕೆ ಎಳೆದರು. ಬೆರಳು ನಡುವೆ ಒಂದೆಡೆ, ಗುಳಿಯೇ ಇಲ್ಲದ ಉಬ್ಬಿನಲ್ಲಿ ತಡೆಯಿತು. ಹಿಂದಕ್ಕೆ ಹೋಗಿ ಬಂದು ಮತ್ತೆ ಅಲ್ಲೇ ತಡೆಯಿತು. "ಇದು ನಮ್ದಲ್ಲ ಕಣವ್ವ," ಎಂದರು ದೀಪಿಕಳಿಗೆ, ಸ್ವರವನ್ನು ಏರಿಸದೆ. "ಮುಂದಿನ್ ಹಲ್ಲು ಬಿದ್ದೋನು ಕೆಂಚಪ್ಪನ್ನ ಕಚ್ಚಂಗಿಲ್ಲ. ಬಿದ್ದ ದಿನ್ವೇ ಇನ್ನೊಬ್ಬನ್ಗೆ ಕೊಟ್ಬುಡ್ಬೇಕು, ನಮ್ ಮನೆ ಕಟ್ಟು ಅದು. ಇದ ಕಚ್ಚಿರೋನ್ಗೆ ಮ್ಯಾಗಡೆ ಸಾಲ್ನಾಗೆ ಒಂದು ಹಲ್ಲೇ ಇಲ್ಲ." ಸಿದ್ದರಾಮು ತುಟಿಗಳನ್ನು ಬಿಗಿದುಕೊಂಡರು. ಆದರೆ ದೀಪಿಕ ನೋಡುತ್ತಿದ್ದುದು ಅವರ ತುಟಿಗಳನ್ನಲ್ಲ. ಅವರ ತಟ್ಟೆಯ ಅಂಚಿನಲ್ಲಿ, ಅರ್ಧ ಮುರಿದ ವಡೆಯ ಪಕ್ಕ, ಅವಳು ಚಿಕ್ಕಂದಿನಿಂದ ನೋಡುತ್ತ ಬಂದಿದ್ದ ಆ ಒಂಟಿ ಹಲ್ಲು ಬೆಳಗಿನ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.